ಮಗುವಿನ ಓದಿಗೆ ಮನೆಯವರ ಜೇಬಿನಿಂದ ಎಷ್ಟು? ಕೊರಿಯಾ, ಜಪಾನ್, ಇಂಗ್ಲೆಂಡ್, ಅಮೆರಿಕ, ದುಬೈ ಮತ್ತು ನಾವು

ತುಂಗಾತೀರ:
ಬೇರೆ ಬೇರೆ ದೇಶಗಳಲ್ಲಿ ಒಂದು ಮಗುವಿನ ಓದಿಗೆ ಮನೆಯವರು ಎಷ್ಟು ಖರ್ಚು ಮಾಡುತ್ತಾರೆ ಅಂತ ಒಂದು ಪಟ್ಟಿ ಮಾಡುತ್ತಿದ್ದೇನೆ. ಮೊದಲ ಎರಡು ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ. ದಕ್ಷಿಣ ಕೊರಿಯಾದ 2024ರ ಸರ್ಕಾರಿ ಸಮೀಕ್ಷೆ ಪ್ರಕಾರ ಟ್ಯೂಷನ್‌ಗೆ ವಿದ್ಯಾರ್ಥಿಯೊಬ್ಬರಿಗೆ ತಿಂಗಳಿಗೆ ಸರಾಸರಿ 4,74,000 ವಾನ್, ನಮ್ಮ ದುಡ್ಡಲ್ಲಿ ಸುಮಾರು 28 ಸಾವಿರ ರೂಪಾಯಿ. ನಮ್ಮ ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆ ಪ್ರಕಾರ ಸರ್ಕಾರಿ ಶಾಲೆಯ ಮಗುವಿಗೆ ವರ್ಷಕ್ಕೆ 2,863 ರೂಪಾಯಿ, ಖಾಸಗಿ ಶಾಲೆಯ ಮಗುವಿಗೆ 25,002 ರೂಪಾಯಿ. ಅಲ್ಲಿನ ಒಂದು ತಿಂಗಳ ಟ್ಯೂಷನ್ ನಮ್ಮ ಒಂದು ವರ್ಷದ ಖಾಸಗಿ ಶಾಲೆಗಿಂತ ದುಬಾರಿ. ಹಾಗಾದರೆ ನಮ್ಮಲ್ಲಿ ಓದು ಅಗ್ಗ ಅಂತ ಬರೆಯಬಹುದೇ?

ಗಣಿತ_ಮೇಷ್ಟ್ರು:
ಬರೆಯಬೇಡಿ. ವಾನ್ ಅನ್ನು ರೂಪಾಯಿಗೆ ತಿರುಗಿಸಿದಾಗಲೇ ಲೆಕ್ಕ ಹಳಿ ತಪ್ಪಿತು. ಅಲ್ಲಿನ ಅಪ್ಪ ಅಮ್ಮ ಸಂಬಳ ಎಣಿಸುವುದೂ ವಾನಿನಲ್ಲೇ. ಆ ದುಡ್ಡು ಅವರ ಎಷ್ಟು ಹೊತ್ತಿನ ದುಡಿಮೆ ಅನ್ನುವುದು ವಿನಿಮಯ ದರದಲ್ಲಿ ಕಾಣುವುದಿಲ್ಲ.

ಕೈಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ವರ್ಷದ ಖರ್ಚನ್ನು ಅದೇ ವರ್ಷ, ಅದೇ ಊರಿನಲ್ಲಿ ಜಾರಿಯಲ್ಲಿದ್ದ ಕನಿಷ್ಠ ಕೂಲಿಯಿಂದ ಭಾಗಿಸಿ. ಉತ್ತರ ಗಂಟೆಯಲ್ಲಿ ಬರುತ್ತದೆ, ಗಂಟೆ ಎಲ್ಲ ದೇಶದಲ್ಲೂ ಅರವತ್ತೇ ನಿಮಿಷ.

ಕೊರಿಯಾ: 4,74,000 × 12 = 56,88,000 ವಾನ್. 2024ರ ಕನಿಷ್ಠ ಕೂಲಿ ಗಂಟೆಗೆ 9,860 ವಾನ್. ಭಾಗಿಸಿದರೆ 577 ಗಂಟೆ.

ನಮ್ಮಲ್ಲಿ: ಕರ್ನಾಟಕದ ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ. 25,002ನ್ನು 370ರಿಂದ ಭಾಗಿಸಿದರೆ ಅರವತ್ತೇಳೂವರೆ ದಿನ, ದಿನಕ್ಕೆ ಎಂಟು ಗಂಟೆಯಂತೆ 540 ಗಂಟೆ. ಸರ್ಕಾರಿ ಶಾಲೆಯಾದರೆ ಎಂಟು ದಿನವೂ ಆಗುವುದಿಲ್ಲ.

ರೂಪಾಯಿಯಲ್ಲಿ ಹದಿಮೂರು ಪಟ್ಟು ಕಂಡ ಅಂತರ ಗಂಟೆಯಲ್ಲಿ ಹೆಚ್ಚುಕಡಿಮೆ ಮಾಯ. ಕೊರಿಯಾದವರ ಟ್ಯೂಷನ್ ಹುಚ್ಚಿನ ಬಗ್ಗೆ ನಾವು ಬಾಯಿ ಬಿಟ್ಟು ನೋಡುತ್ತೇವೆ. ಕೂಲಿಯ ಲೆಕ್ಕದಲ್ಲಿ ನಮ್ಮ ಸಾಮಾನ್ಯ ಖಾಸಗಿ ಶಾಲೆಯ ಹೊರೆಯೂ ಅಷ್ಟೇ ಇದೆ.

ಬಯಲುಸೀಮೆ:
ಮೇಷ್ಟ್ರೇ, ಅಳತೆ ಚೊಲೋ ಐತ್ರೀ, ಆದ್ರ ಎರಡು ತಕರಾರು ಅದಾವು.

ಒಂದನೇದು, 25,002 ಅನ್ನೂದು ಬೆಂಗಳೂರು, ಬೆಳಗಾವಿ, ಹಳ್ಳಿ ಎಲ್ಲಾ ಕೂಡಿಸಿದ ಇಡೀ ದೇಶದ ಸರಾಸರಿ. ಅದೇ ಸಮೀಕ್ಷೆಯಾಗ ಹಳ್ಳಿ ಖಾಸಗಿ ಸಾಲಿಗೆ 19,554, ಪಟ್ಟಣದ್ದಕ್ಕ 31,782 ಅಂತ ಬ್ಯಾರೆ ಬ್ಯಾರೆ ಕೊಟ್ಟಾರ. ನರೇಗಾ ಕೂಲಿ ಹಿಡದ್ರ ಹಳ್ಳಿ ಅಂಕಿನೇ ಹಿಡೀಬೇಕು. 19,554 ಭಾಗಿಸು 370, ಅಂದ್ರ 53 ದಿನ. ಅದೂ ಕಮ್ಮಿ ಏನಲ್ಲ ಬಿಡ್ರಿ. ನರೇಗಾದಾಗ ಇಡೀ ಮನಿಗೆ ವರ್ಷಕ್ಕ ನೂರು ದಿನದ ಕೆಲಸ ಅಂತ ಇದ್ದ ಲೆಕ್ಕ ಹಿಡದ್ರ, ಒಂದು ಕೂಸಿನ ಸಾಲಿಗೇ ಅದರಾಗ ಅರ್ಧಕ್ಕಿಂತ ಜಾಸ್ತಿ ಹೋತು.

ಎರಡನೇದು, ಕೊರಿಯಾದ ಅಂಕಿಯೊಳಗ ಸಾಲಿ ಫೀ ಇಲ್ಲ, ಬರೇ ಟ್ಯೂಷನ್. ನಮ್ಮ 25,002ರಾಗ ಕೋಚಿಂಗ್ ಇಲ್ಲ, ಬರೇ ಸಾಲಿ. ಕೋಚಿಂಗ್ ಬ್ಯಾರೆ ಕೇಳ್ಯಾರ: ದೇಶದಾಗ ನೂರಕ್ಕ 27 ಮಕ್ಕಳು ಹೊಕ್ಕಾವು, ಪಟ್ಟಣದಾಗ 30.7, ಹಳ್ಯಾಗ 25.5. ಇನ್ನೊಂದು ಮಾತು, ಸಾಲಿ ಖರ್ಚು ಮತ್ತ ಕೋಚಿಂಗ್ ಖರ್ಚು ಹಿಂಗ ಬಿಡಿಸಿ ಕೇಳಿದ್ದು ಈ ಸಮೀಕ್ಷೆಯಾಗ. ಹಿಂದಿನ ಸಮೀಕ್ಷೆದ, ಅಂದ್ರ 2017-18ರ 75ನೇ ಸುತ್ತಿನ ಅಂಕಿ ಬಾಜೂಕ ಇಟ್ಟು "ಇಷ್ಟು ಏರೇತಿ, ಇಷ್ಟು ಇಳದೈತಿ" ಅಂದ್ರ ಅದು ಶುದ್ಧ ತಪ್ಪು. ಪ್ರಶ್ನೆನೇ ಬ್ಯಾರೆ ಇದ್ದಾಗ ಉತ್ತರ ಹೋಲಿಸೂದು ಹ್ಯಾಂಗ?

ಹಾನ್_ದಂಡೆ:
ಬಯಲುಸೀಮೆಯವರ ಎರಡನೇ ತಕರಾರಿಗೆ ಒತ್ತು ಕೊಡಬೇಕು. ಕೊರಿಯಾದಲ್ಲಿ ಪ್ರೌಢಶಾಲೆಯ ಕೊನೆಯ ಮೂರು ವರ್ಷವೂ 2021ರಿಂದ ಎಲ್ಲ ತರಗತಿಗೂ ಉಚಿತ. ಶಾಲೆ ಬಿಟ್ಟಿ, ಹೊರಗಿನ ಪಾಠ ದುಬಾರಿ. 2024ರಲ್ಲಿ ಹೊರಗಿನ ಪಾಠಕ್ಕೆ ಹೋದ ಒಟ್ಟು ಹಣ 29.2 ಲಕ್ಷ ಕೋಟಿ ವಾನ್.

ಈ ಅಂಕಿ ಬಳಸುವವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. 4,74,000 ಅನ್ನುವುದು ಟ್ಯೂಷನ್‌ಗೆ ಹೋಗದ ಮಕ್ಕಳನ್ನೂ ಸೊನ್ನೆ ಅಂತ ಸೇರಿಸಿ ತೆಗೆದ ಸರಾಸರಿ. ಹೋಗುವವರದ್ದು ಮಾತ್ರ ತೆಗೆದರೆ 5,92,000. ಶೇ 80 ಮಕ್ಕಳು ಹೋಗುತ್ತಾರೆ, 5,92,000ರ ಶೇ 80 ಅಂದರೆ 4,74,000ದ ಹತ್ತಿರ, ತಾಳೆಯಾಯಿತಲ್ಲ? ಯಾವ ದೇಶದ ಅಂಕಿ ಸಿಕ್ಕಿದರೂ ಮೊದಲು ಈ ತಾಳೆ ನೋಡಿ. ಒಂದು ದೇಶದ "ಹೋಗುವವರ ಸರಾಸರಿ"ಯನ್ನು ಇನ್ನೊಂದು ದೇಶದ "ಎಲ್ಲರ ಸರಾಸರಿ"ಯ ಪಕ್ಕ ಇಟ್ಟ ಪಟ್ಟಿಗಳು ಎಲ್ಲ ಕಡೆ ಓಡಾಡುತ್ತಿವೆ.

ಸರಾಸರಿಯೊಳಗೆ ಅಡಗಿರುವ ಇನ್ನೊಂದು ಸಂಗತಿ: ತಿಂಗಳ ಆದಾಯ 80 ಲಕ್ಷ ವಾನ್ ದಾಟಿದ ಮನೆಗಳಲ್ಲಿ ಮಗುವೊಂದಕ್ಕೆ ತಿಂಗಳಿಗೆ 6,76,000, 30 ಲಕ್ಷಕ್ಕಿಂತ ಕಡಿಮೆ ಇರುವ ಮನೆಗಳಲ್ಲಿ 2,05,000. ಬಡವರು ಖರ್ಚು ಮಾಡುವುದು ಕಡಿಮೆ, ಆದರೆ ಅವರ ಆದಾಯಕ್ಕೆ ಹೋಲಿಸಿದರೆ ಅದು ಹಗುರವೇನಲ್ಲ.

ಇದೆಲ್ಲ ಕಾಲೇಜು ಪ್ರವೇಶದ ನವೆಂಬರ್ ಪರೀಕ್ಷೆಗಾಗಿ ಅಂದುಕೊಂಡರೆ ಅರ್ಧ ಸತ್ಯ. ಅತಿ ಹೆಚ್ಚು ಪ್ರಮಾಣದಲ್ಲಿ ಹೊರಗಿನ ಪಾಠಕ್ಕೆ ಹೋಗುವುದು ಪ್ರಾಥಮಿಕ ಶಾಲೆಯ ಮಕ್ಕಳು, ಶೇ 87.7. ಕಾರಣ ಗಡಿಯಾರದಲ್ಲಿದೆ. ಒಂದನೇ ಎರಡನೇ ತರಗತಿ ಮಧ್ಯಾಹ್ನವೇ ಬಿಡುತ್ತದೆ, ಅಪ್ಪ ಅಮ್ಮ ಮನೆಗೆ ಬರುವುದು ಸಂಜೆ. ಆ ಖಾಲಿ ಹೊತ್ತನ್ನು ತುಂಬುವುದು ಪಿಯಾನೊ, ಟೇಕ್ವಾಂಡೊ, ಇಂಗ್ಲಿಷ್ ಹಾಗ್ವಾನ್‌ಗಳು. ಹಾಗ್ವಾನ್ ಅಂದರೆ ನಮ್ಮ ಟ್ಯುಟೋರಿಯಲ್. ಅವರದೇ ವ್ಯಾನು ಶಾಲೆಯ ಗೇಟಿಗೇ ಬರುತ್ತದೆ. ಹಾಗಾಗಿ ಈ ಖರ್ಚಿನಲ್ಲಿ ಒಂದು ಪಾಲು ನಿಜದಲ್ಲಿ ಮಗು ನೋಡಿಕೊಳ್ಳುವ ಖರ್ಚು. ಹೆಸರು ಮಾತ್ರ ಟ್ಯೂಷನ್.

ಸಂಪಿಗೆ_ಮರ:
ಹಾಗಾದರೆ ಸರ್ಕಾರ ನಿಷೇಧ ಮಾಡಿಬಿಟ್ಟರೆ ಆಯ್ತಲ್ಲ? ಚೀನಾ ಮಾಡಲಿಲ್ವಾ?

ಹಾನ್_ದಂಡೆ:
ಮಾಡಿತು ಮೇಡಂ. ಕೊರಿಯಾ ಅದಕ್ಕೂ ನಲವತ್ತು ವರ್ಷ ಮೊದಲೇ ಮಾಡಿತ್ತು. 1980ರಲ್ಲಿ ಚುನ್ ಡೂ-ಹ್ವಾನ್ ಮಿಲಿಟರಿ ಸರ್ಕಾರ ಖಾಸಗಿ ಪಾಠವನ್ನು ನಿಷೇಧಿಸಿತು. ಪಾಠ ಕದ್ದು ನಡೆಯಿತು, ಕದ್ದು ಹೇಳಿಕೊಡುವವರು ಅಪಾಯದ ಬೆಲೆಯನ್ನೂ ಸೇರಿಸಿ ವಸೂಲು ಮಾಡಿದರು. ನಿಧಾನವಾಗಿ ಸಡಿಲಿಸುತ್ತ ಬಂದರು, 2000ದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ನಿಷೇಧವನ್ನೇ ರದ್ದು ಮಾಡಿತು. ಈಗ ಉಳಿದಿರುವುದು ಸಮಯದ ಕಟ್ಟಳೆ, ಸೋಲ್ ನಗರದಲ್ಲಿ ರಾತ್ರಿ 10ಕ್ಕೆ ಹಾಗ್ವಾನ್ ಬಾಗಿಲು ಹಾಕಬೇಕು.

ಚೀನಾ 2021ರ ಜುಲೈನಲ್ಲಿ ಶಾಲಾ ವಿಷಯಗಳನ್ನು ಲಾಭಕ್ಕೆ ಹೇಳಿಕೊಡುವುದನ್ನು ನಿಲ್ಲಿಸಿತು, ವಾರಾಂತ್ಯ ಮತ್ತು ರಜೆಯ ಪಾಠವನ್ನೂ ಸೇರಿಸಿ. ದೊಡ್ಡ ಕಂಪನಿಗಳು ಮುಚ್ಚಿದವು. ನಲವತ್ತು ಮಕ್ಕಳ ತರಗತಿ ಹೋಗಿ ಒಬ್ಬರಿಗೊಬ್ಬರ ಗುಟ್ಟಿನ ಪಾಠ ಬಂತು, ತಲಾ ಬೆಲೆ ಏರಿತು. ಪ್ರವೇಶ ಪರೀಕ್ಷೆಯ ಇಕ್ಕಟ್ಟು ಹಾಗೇ ಇದ್ದ ಮೇಲೆ ಪಾಠ ನಿಲ್ಲಿಸಿದರೆ ಬೇಡಿಕೆ ಎಲ್ಲಿಗೆ ಹೋಗಬೇಕು?

ಹಳೇ_ಪಾಟಿ:
ಜಪಾನಿನ ಅಂಕಿ ಪಟ್ಟಿಗೆ ಸೇರಿಸಿಕೊಳ್ಳಿ. ಬಾಬತ್ತುವಾರು ಬಿಡಿಸಿ ಕೊಡುವುದರಲ್ಲಿ ಅವರಷ್ಟು ಅಚ್ಚುಕಟ್ಟು ನಾನು ಬೇರೆ ಕಡೆ ನೋಡಿಲ್ಲ. ಅಲ್ಲಿನ ಶಿಕ್ಷಣ ಸಚಿವಾಲಯದ 2021ರ ಸಮೀಕ್ಷೆಯಿಂದ, ಸಾರ್ವಜನಿಕ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ಒಂದು ವರ್ಷಕ್ಕೆ:

ಶಾಲೆಗೆ ಸಂಬಂಧಿಸಿದ್ದು 65,974 ಯೆನ್
ಶಾಲೆಯ ಊಟ 39,010 ಯೆನ್
ಶಾಲೆಯ ಹೊರಗಿನದು 2,47,582 ಯೆನ್
ಒಟ್ಟು 3,52,566 ಯೆನ್

ಬೋಧನಾ ಶುಲ್ಕವೂ ಪಠ್ಯಪುಸ್ತಕವೂ ಉಚಿತ. ಆದರೂ ನೂರಕ್ಕೆ ಎಪ್ಪತ್ತು ಯೆನ್ ಶಾಲೆಯ ಗೇಟಿನ ಆಚೆ ಹೋಗಿದೆ: ಜುಕು ಅನ್ನುವ ಟ್ಯೂಷನ್, ಈಜು, ಸಂಗೀತ. ಮೇಷ್ಟ್ರ ಅಳತೆ ಹಾಕಿದರೆ, ಆ ವರ್ಷದ ರಾಷ್ಟ್ರೀಯ ಸರಾಸರಿ ಕನಿಷ್ಠ ಕೂಲಿ 930 ಯೆನ್, ಅಂದರೆ 379 ಗಂಟೆ. ಮುಂದಿನ ಹಂತದಲ್ಲಿ, ಅಂದರೆ ನಮ್ಮ ಏಳರಿಂದ ಒಂಬತ್ತನೇ ತರಗತಿಗೆ ಸಮನಾದ ಮೂರು ವರ್ಷದಲ್ಲಿ, ಅದು ವರ್ಷಕ್ಕೆ 5,38,799 ಯೆನ್‌ಗೆ ಏರುತ್ತದೆ: 579 ಗಂಟೆ. ಕೊರಿಯಾದ 577ರ ಪಕ್ಕಕ್ಕೇ ಬಂದು ಕೂತಿತು ನೋಡಿ. ಏರಿಕೆಗೆ ಕಾರಣ, ಪ್ರೌಢಶಾಲೆಗೆ ಸೇರಲು ಅಲ್ಲಿ ಪ್ರವೇಶ ಪರೀಕ್ಷೆ ಇದೆ.

ಪ್ರೌಢಶಾಲೆಯಲ್ಲಿ ಒಂದು ತಮಾಷೆ. ಒಟ್ಟು 5,12,971ಕ್ಕೆ ಇಳಿಯುತ್ತದೆ, ಆದರೆ ಒಳಗಿನ ಹಂಚಿಕೆ ತಲೆಕೆಳಗಾಗುತ್ತದೆ. ಹೊರಗಿನದು 2,03,710ಕ್ಕೆ ಕುಸಿದು, ಶಾಲೆಗೆ ಸಂಬಂಧಿಸಿದ್ದು 3,09,261ಕ್ಕೆ ಏರುತ್ತದೆ. ಕಡ್ಡಾಯ ಶಿಕ್ಷಣ ಒಂಬತ್ತನೇ ವರ್ಷಕ್ಕೆ ಮುಗಿಯುವುದರಿಂದ ಪಠ್ಯಪುಸ್ತಕ ದುಡ್ಡು ಕೊಟ್ಟು ಕೊಳ್ಳಬೇಕು, ಹೊಸ ಸಮವಸ್ತ್ರ, ರೈಲಿನ ಪಾಸು, ಕ್ಲಬ್ಬಿನ ಸಾಮಾನು ಎಲ್ಲ ಬರುತ್ತವೆ. ಸರ್ಕಾರ ಕೊಡುವ ವರ್ಷಕ್ಕೆ 1,18,800 ಯೆನ್ ನೆರವು ಸಾರ್ವಜನಿಕ ಶಾಲೆಯ ಬೋಧನಾ ಶುಲ್ಕಕ್ಕೆ ಸರಿಹೋಗುತ್ತದೆ, ಉಳಿದದ್ದಕ್ಕೆ ಬರುವುದಿಲ್ಲ.

ಶಿಶುವಿಹಾರದಿಂದ ಪ್ರೌಢಶಾಲೆವರೆಗೆ 15 ವರ್ಷ ಪೂರ್ತಿ ಸಾರ್ವಜನಿಕದಲ್ಲೇ ಓದಿದರೆ ಸುಮಾರು 57.4 ಲಕ್ಷ ಯೆನ್, ಪೂರ್ತಿ ಖಾಸಗಿಯಲ್ಲಾದರೆ 1.84 ಕೋಟಿ. ಆಮೇಲೆ ರಾಷ್ಟ್ರೀಯ ವಿಶ್ವವಿದ್ಯಾಲಯದ ನಿಗದಿತ ಶುಲ್ಕ ವರ್ಷಕ್ಕೆ 5,35,800, ಸೇರುವಾಗ ಒಂದು ಸಲ 2,82,000. ಟೋಕಿಯೊ ವಿಶ್ವವಿದ್ಯಾಲಯ ಅನುಮತಿ ಇರುವ ಶೇ 20ನ್ನೂ ಪೂರ್ತಿ ಏರಿಸಿ 2025ರ ಏಪ್ರಿಲ್‌ನಿಂದ 6,42,960 ಮಾಡಿದೆ.

ಕಡಲ_ಕರೆ:
ಏನು ಮಾರಾಯ್ರೆ, ಕೊರಿಯಾ ಜಪಾನ್ ಅಂತ ಅಷ್ಟು ದೂರ ಹೋದಿರಿ, ನಮ್ಮ ಮಂಗಳೂರು, ಉಡುಪಿ, ಭಟ್ಕಳದವರ ಅರ್ಧ ಊರೇ ಇರುವ ದುಬೈ ಬಿಟ್ಟುಬಿಟ್ಟಿರಲ್ಲ?

ಅಲ್ಲಿ ಹೊರಗಿನಿಂದ ಹೋದವರ ಮಕ್ಕಳಿಗೆ ಬಹುತೇಕ ಖಾಸಗಿ ಶಾಲೆಯೇ ಗತಿ. ಹಾಗಾಗಿ "ಸರ್ಕಾರಿ ಶಾಲೆ" ಅನ್ನುವ ಕಾಲಮ್ಮು ನಮ್ಮವರ ಪಾಲಿಗೆ ಖಾಲಿ. ಭಾರತದ ಪಠ್ಯಕ್ರಮದ ಶಾಲೆಗಳು ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದವಕ್ಕಿಂತ ಅಗ್ಗ ಇರ್ತವೆ. ಫೀ ಏರಿಸುವುದು ಶಾಲೆಯ ಇಷ್ಟ ಅಲ್ಲ. ಕೆಎಚ್‌ಡಿಎ ಅನ್ನುವ ಪ್ರಾಧಿಕಾರ ಪ್ರತಿ ವರ್ಷ ಶಿಕ್ಷಣ ವೆಚ್ಚ ಸೂಚ್ಯಂಕ ಪ್ರಕಟಿಸ್ತದೆ, 2024-25ಕ್ಕೆ ಶೇ 2.6, 2025-26ಕ್ಕೆ ಶೇ 2.35. 12,000 ದಿರ್ಹಾಮ್ ಫೀ ಇದ್ದರೆ 2.35ರ ಲೆಕ್ಕದಲ್ಲಿ 282 ದಿರ್ಹಾಮ್ ಏರಿಕೆ. ಸರ್ಕ್ಯುಲರ್‌ನಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಮಂಜೂರಾದ ಫೀ ಪಟ್ಟಿ ಕೇಳಬೇಕು, ಪ್ರತಿ ಶಾಲೆಗೂ ಒಂದು ಉಂಟು.

ಆದರೆ ಕಡಿವಾಣ ಇರುವುದು ಬೋಧನಾ ಶುಲ್ಕಕ್ಕೆ. ಬಜೆಟ್ ತಪ್ಪುವುದು ಬಸ್ಸು, ಸಮವಸ್ತ್ರ, ಪುಸ್ತಕ, ಟ್ಯಾಬ್ಲೆಟ್‌ನಲ್ಲಿ. ಎರಡನೇದು, ಕೆಲಸದ ಒಪ್ಪಂದದಲ್ಲಿ "ಮಕ್ಕಳ ಶಿಕ್ಷಣ ಭತ್ಯೆ" ಅಂತ ಇದ್ದರೆ ಎಷ್ಟು ಮಕ್ಕಳಿಗೆ, ಯಾವ ವಯಸ್ಸಿಂದ, ಬಿಲ್ ಕೊಟ್ಟ ಮೇಲೆಯೋ ಮೊದಲೇಯೋ ಅಂತ ಬರಹದಲ್ಲಿ ಕೇಳಿಕೊಳ್ಳಬೇಕು. ಬಿಲ್ ಕೊಟ್ಟ ಮೇಲೆ ಅಂತಾದರೆ ಮೊದಲ ಟರ್ಮ್ ಪೂರ್ತಿ ಕೈಯಿಂದಲೇ ಕಟ್ಟಲಿಕ್ಕೆ ಉಂಟು.

ಮಗು ಎಂಜಿನಿಯರಿಂಗ್‌ಗೆ ಊರಿಗೆ ಬರ್ತದೆ ಅಂತಾದರೆ: ಎನ್‌ಐಟಿಗಳಲ್ಲಿ ಡಾಸಾ (ಹೊರದೇಶದಲ್ಲಿರುವ ಮಕ್ಕಳಿಗೆ ನೇರ ಪ್ರವೇಶದ ಯೋಜನೆ) ಮೂಲಕ ಬಂದವರಿಗೆ ಸೆಮಿಸ್ಟರಿಗೆ 4,000 ಡಾಲರ್ ಬೋಧನಾ ಶುಲ್ಕ. ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳ ಕೋಟಾ ಬೇರೆ ಉಂಟು, ಅದರಲ್ಲಿ ಊರಿನ ಮಕ್ಕಳ ಫೀಯೇ. ಸೀಟು ಬೆರಳೆಣಿಕೆ, ಜೆಇಇ ಮೇನ್ ರ‍್ಯಾಂಕ್ ಬೇಕೇ ಬೇಕು. ಅರ್ಜಿಯಲ್ಲಿ ಈ ಕೋಟಾದ ಜಾಗದಲ್ಲಿ ಟಿಕ್ ಹಾಕದೆ ಡಾಲರ್ ಕಟ್ಟಿ ಆಮೇಲೆ ತಲೆ ಕೆರೆದುಕೊಂಡರೆ ಏನೂ ಪ್ರಯೋಜನ ಇಲ್ಲ.

ತುಂಗಾತೀರ:
ಈಗ ಪಟ್ಟಿಯ ಕಾಲಮ್ಮುಗಳನ್ನೇ ಬದಲಾಯಿಸಿದೆ: ಶಾಲೆಗೆ, ಶಾಲೆಯ ಹೊರಗೆ, ಊಟ ಮತ್ತು ಬಸ್ಸು, ಕಾಲೇಜು. ಇಂಗ್ಲೆಂಡ್‌ನಲ್ಲಿ ಕಾಲೇಜಿಗೆ 9,535 ಪೌಂಡ್, ಅಮೆರಿಕದಲ್ಲಿ 11,610 ಡಾಲರ್ ಅಂತ ಹಾಕಿದ್ದೇನೆ. ಸರಿಯೇ?

ರೊಕ್ಕದ_ಲೆಕ್ಕ:
ಇಂಗ್ಲೆಂಡಿನ 9,535 ಅಂಕಿ ಸರಿ, ಹಾಕಿದ ಕಾಲಮ್ಮು ತಪ್ಪು. ಅದು 2025-26ರಲ್ಲಿ ಅಲ್ಲಿನ ವಿದ್ಯಾರ್ಥಿಗೆ ಇದ್ದ ಗರಿಷ್ಠ ಮಿತಿ. 1998ರಲ್ಲಿ 1,000 ಇತ್ತು, 2006ರಲ್ಲಿ 3,000, 2012ರಲ್ಲಿ 9,000, 2017ರಲ್ಲಿ 9,250. 2025-26ರ ಕನಿಷ್ಠ ಕೂಲಿ 12.21 ಪೌಂಡ್‌ನಿಂದ ಭಾಗಿಸಿದರೆ 781 ಗಂಟೆ. ಆದರೆ ಸಾಲ ತೆಗೆದುಕೊಂಡವರ ಮನೆಯಿಂದ ಆ ದಿನ ಒಂದು ಪೆನ್ನಿಯೂ ಹೋಗುವುದಿಲ್ಲ. ಸಾಲದ ಕಂಪನಿ ನೇರ ವಿಶ್ವವಿದ್ಯಾಲಯಕ್ಕೆ ಕಟ್ಟುತ್ತದೆ, ತೀರಿಸುವುದು ಮಗು, ಅದೂ ಸಂಬಳ ಬಂದ ಮೇಲೆ.

ತೀರಿಸುವ ಲೆಕ್ಕ ಹೀಗೆ: 2023ರ ಆಗಸ್ಟ್ ನಂತರ ಸೇರಿದವರಿಗೆ ವರ್ಷದ ಸಂಬಳ 25,000 ಪೌಂಡ್ ದಾಟಿದ ಭಾಗದ ಮೇಲೆ ಶೇ 9. ಸಂಬಳ 30,000 ಇದ್ದರೆ 5,000ದ ಶೇ 9, ವರ್ಷಕ್ಕೆ 450, ತಿಂಗಳಿಗೆ 37.50. ಸಾಲ ಎಷ್ಟೇ ಇರಲಿ, ಕಂತು ಇಷ್ಟೇ. 40 ವರ್ಷವಾದ ಮೇಲೆ ಉಳಿದದ್ದು ಮನ್ನಾ. ನಮ್ಮ ಬ್ಯಾಂಕ್ ಸಾಲದ ಕಣ್ಣಲ್ಲಿ ನೋಡಿದರೆ ಇದು ಸಾಲಕ್ಕಿಂತ ತೆರಿಗೆಗೆ ಹತ್ತಿರ.

ಅಪ್ಪ ಅಮ್ಮನ ಜೇಬಿಗೆ ಕೈ ಬೀಳುವುದು ರೂಮು ಬಾಡಿಗೆಯಲ್ಲಿ. ಖರ್ಚಿನ ಸಾಲ ಮನೆಯ ಆದಾಯ ನೋಡಿ ಸಿಗುತ್ತದೆ, 25,000 ಪೌಂಡ್ ಆದಾಯ ದಾಟಿದರೆ ಕಡಿತ ಶುರು, ಆ ಮಿತಿಯನ್ನು 2008ರಿಂದ ಏರಿಸಿಲ್ಲ. ಕಡಿತವಾದದ್ದನ್ನು ಹೆತ್ತವರು ತುಂಬಲಿ ಅನ್ನುವುದು ಲೆಕ್ಕಾಚಾರ, ಅದನ್ನು ಪತ್ರದಲ್ಲಿ ದಪ್ಪಕ್ಷರದಲ್ಲಿ ಯಾರೂ ಬರೆಯುವುದಿಲ್ಲ. ಇನ್ನು ಸ್ಕಾಟ್ಲೆಂಡಿನ ಮಕ್ಕಳು ಸ್ಕಾಟ್ಲೆಂಡಿನಲ್ಲೇ ಓದಿದರೆ ಬೋಧನಾ ಶುಲ್ಕ ಸರ್ಕಾರದ್ದೇ, ಹಾಗಾಗಿ ಬ್ರಿಟನ್ ಅಂತ ಒಂದೇ ಸಾಲು ಹಾಕಬೇಡಿ. ಖಾಸಗಿ ಶಾಲೆಯ ಫೀಗೆ 2025ರ ಜನವರಿ 1ರಿಂದ ಶೇ 20 ವ್ಯಾಟ್ ಬಂದಿದೆ, ಅದಕ್ಕಿಂತ ಹಳೆಯ ಶಾಲಾ ಫೀ ಅಂಕಿ ಇದ್ದರೆ ತೆಗೆದುಹಾಕಿ.

ಸೋನಾಮಸೂರಿ:
ಅಮೆರಿಕದ 11,610 ಅನ್ನುವುದು 2024-25ರಲ್ಲಿ ಸ್ವಂತ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಸರಾಸರಿ ಬೋಧನಾ ಶುಲ್ಕ. ಬೇರೆ ರಾಜ್ಯದವರಿಗೆ 30,780, ಖಾಸಗಿಗೆ 43,350. ಊಟ, ವಸತಿ ಇವುಗಳಲ್ಲಿ ಇಲ್ಲ. ಮೇಲಾಗಿ ಇವೆಲ್ಲ ಬೋರ್ಡಿನ ಮೇಲೆ ಬರೆದ ಬೆಲೆ. ಖಾಸಗಿ ಕಾಲೇಜಿನಲ್ಲಿ ಬಹಳ ಮಂದಿ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ, ಕಾರಣ ಕಾಲೇಜೇ ಕೊಡುವ ರಿಯಾಯಿತಿ. ಪ್ರತಿ ಕಾಲೇಜಿನ ಜಾಲತಾಣದಲ್ಲಿ ನಿವ್ವಳ ಬೆಲೆಯ ಕ್ಯಾಲ್ಕುಲೇಟರ್ ಇರಲೇಬೇಕು ಅಂತ 2011ರಿಂದ ನಿಯಮವಿದೆ, ಆದಾಯ ತುಂಬಿದರೆ ಅಂದಾಜು ಬರುತ್ತದೆ.

ಮೇಷ್ಟ್ರ ಅಳತೆ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಒಕ್ಕೂಟದ ಕನಿಷ್ಠ ಕೂಲಿ 7.25 ಡಾಲರ್, 2009ರ ಜುಲೈನಿಂದ ಅಲುಗಾಡಿಲ್ಲ. 11,610 ಭಾಗಿಸಿದರೆ 1,601 ಗಂಟೆ. ಕ್ಯಾಲಿಫೋರ್ನಿಯಾದ 2025ರ 16.50 ಹಿಡಿದರೆ 704. ಒಂದೇ ದೇಶ, ಎರಡು ಉತ್ತರ. ರಾಜ್ಯದ ಫೀಗೆ ಅದೇ ರಾಜ್ಯದ ಕೂಲಿ ಹಾಕಿದರೆ ಮಾತ್ರ ಅರ್ಥ.

ಶಾಲೆಯ ವಿಷಯಕ್ಕೆ ಬಂದರೆ, ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆ ಉಚಿತ, ಬಸ್ಸೂ ಸಾಮಾನ್ಯವಾಗಿ ಉಚಿತ. ಹಾಗಾದರೆ ಖರ್ಚು ಎಲ್ಲಿ? ಮನೆಯ ವಿಳಾಸದಲ್ಲಿ. ಶಾಲಾ ಜಿಲ್ಲೆಯ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ, ಒಳ್ಳೆಯ ಶಾಲೆ ಇರುವ ಬೀದಿಯ ಮನೆ ಬೆಲೆಯಲ್ಲೇ ಶಾಲೆಯ ಬೆಲೆಯೂ ಸೇರಿರುತ್ತದೆ. ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ನಮ್ಮವರು ಪ್ರತಿ ತಿಂಗಳು ಕಟ್ಟುವ ಬಾಡಿಗೆಯಲ್ಲಿ ಒಂದು ಭಾಗ ಶಾಲಾ ಶುಲ್ಕವೇ. ಮನೆ ಖರ್ಚಿನ ಸಮೀಕ್ಷೆಯಲ್ಲಿ ಅದು "ವಸತಿ" ಅಂತ ಬೀಳುತ್ತದೆ. ಪಟ್ಟಿಯಲ್ಲಿ ಅಮೆರಿಕದ ಶಾಲಾ ಖರ್ಚು ಸೊನ್ನೆಗೆ ಹತ್ತಿರ ಕಂಡರೆ ನಂಬಬೇಡಿ.

ಅಲ್ಲಿರುವ ಕನ್ನಡಿಗರಿಗೆ ಬೇಕಾದ ಎರಡು ಮಾತು. ಒಕ್ಕೂಟ ಸರ್ಕಾರದ ನೆರವಿಗೆ ಫಾಫ್ಸಾ ಅರ್ಜಿ ಹಾಕಬೇಕು. ಮಗು ಅಲ್ಲೇ ಹುಟ್ಟಿದ್ದರೆ ಅಪ್ಪ ಅಮ್ಮನ ವೀಸಾ ಏನಿದ್ದರೂ ಮಗು ಅರ್ಹ. ಎಚ್-4 ವೀಸಾದ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾ ಆಧರಿಸಿ ಬಂದ ಮಗುವಿಗೆ ಆ ನೆರವಿಲ್ಲ, 21 ತುಂಬಿದರೆ ಎಚ್-4 ಕೂಡ ಇಲ್ಲ. ಎರಡನೆಯದು ಉಳಿತಾಯ ಯಾರ ಹೆಸರಲ್ಲಿ ಅನ್ನುವುದು. ನೆರವಿನ ಸೂತ್ರದಲ್ಲಿ ಮಗುವಿನ ಹೆಸರಿನ ಆಸ್ತಿಯ ಶೇ 20ನ್ನು ಓದಿಗೆ ಲಭ್ಯ ಅಂತ ಹಿಡಿಯುತ್ತಾರೆ, ಅಪ್ಪ ಅಮ್ಮನದ್ದಾದರೆ ಹೆಚ್ಚೆಂದರೆ ಶೇ 5.64. 10,000 ಡಾಲರ್ ಮಗುವಿನ ಖಾತೆಯಲ್ಲಿದ್ದರೆ ನೆರವಿಗೆ 2,000ದ ಪೆಟ್ಟು, ಅಪ್ಪ ಅಮ್ಮನ ಹೆಸರಿನ 529 ಅನ್ನುವ ಓದಿನ ಉಳಿತಾಯ ಖಾತೆಯಲ್ಲಿದ್ದರೆ 564. ಅಜ್ಜಿ ತಾತ ಪ್ರೀತಿಯಿಂದ ಮೊಮ್ಮಗುವಿನ ಹೆಸರಲ್ಲಿ ಇಟ್ಟ ದುಡ್ಡು ಹೀಗೆ ಉಲ್ಟಾ ಹೊಡೆಯುತ್ತದೆ.

ಸಂಪಿಗೆ_ಮರ:
ಜರ್ಮನಿಯಲ್ಲಿ ಎಲ್ಲ ಫ್ರೀ ಅಂತಾರಲ್ಲ, ಅದನ್ನೂ ಹೇಳಿ. ಅಣ್ಣನ ಮಗನಿಗೆ ಮನೆಯಲ್ಲೆಲ್ಲ ಅದೇ ಮಾತು.

ರೊಕ್ಕದ_ಲೆಕ್ಕ:
ಬೋಧನೆ ಬಹುಪಾಲು ಫ್ರೀ ಮೇಡಂ, ಬದುಕು ಫ್ರೀ ಅಲ್ಲ. ಸೆಮಿಸ್ಟರ್ ಶುಲ್ಕ ಊರಿಗೆ ತಕ್ಕಂತೆ 100ರಿಂದ 400 ಯೂರೊ. 300 ಅಂತ ಹಿಡಿದರೆ ವರ್ಷಕ್ಕೆ 600, 2025ರ ಕನಿಷ್ಠ ಕೂಲಿ 12.82ರ ಲೆಕ್ಕದಲ್ಲಿ 47 ಗಂಟೆ. ಇಡೀ ಪಟ್ಟಿಯಲ್ಲಿ ಇಷ್ಟು ಚಿಕ್ಕ ಸಂಖ್ಯೆ ಇನ್ನೊಂದು ಬರಲಾರದು.

ಆದರೆ ಎರಡು ಕಡೆ ಹುಷಾರು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ, ಅಂದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರುಹೆ ಕಡೆ, ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ತೆಗೆದುಕೊಳ್ಳುತ್ತದೆ. ಮ್ಯೂನಿಕ್ ಹೆಸರು ಕೇಳಿ "ಜರ್ಮನಿ ಫ್ರೀ" ಅಂತ ಹೊರಟವರು ಇಲ್ಲಿ ಎಡವುತ್ತಾರೆ.

ಕೈಯಿಂದ ಮೊದಲು ಹೋಗುವ ಹಣ: ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ (ಓದಿನ ದಾಖಲೆ ಪರಿಶೀಲಿಸಿ ಕೊಡುವುದು) 18,000 ರೂಪಾಯಿ. ವೀಸಾಗಾಗಿ ಮೊದಲೇ ತುಂಬಿಡುವ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೊ. ಇದು ಖರ್ಚಲ್ಲ, ನಿಮ್ಮದೇ ದುಡ್ಡು, ತಿಂಗಳಿಗೆ 992ರಂತೆ ಹಿಂದೆ ಬರುತ್ತದೆ. ತೊಂದರೆ ಇರುವುದು ಮೊದಲ ತಿಂಗಳಲ್ಲಿ. ರೂಮಿನ ಮುಂಗಡ ಮೂರು ತಿಂಗಳ ಬಾಡಿಗೆವರೆಗೆ ಕೇಳಬಹುದು, ಖಾತೆಯಿಂದ ಬರುವುದು 992 ಮಾತ್ರ, ಅದರಲ್ಲೇ ಆರೋಗ್ಯ ವಿಮೆ ತಿಂಗಳಿಗೆ 140ಕ್ಕೂ ಮೇಲೆ. ಹಾಗಾಗಿ ಬ್ಲಾಕ್ಡ್ ಅಕೌಂಟ್ ಬಿಟ್ಟು ಬೇರೆಯೇ 2,000 ಯೂರೊ ಕೈಯಲ್ಲಿರಬೇಕು ಅಂತ ನನ್ನ ಲೆಕ್ಕ.

ಬಯಲುಸೀಮೆ:
ಹೊರದೇಶದ್ದು ಸಾಕಾತು, ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಬರ್ರಿ. ಒಂದೇ ಬೆಂಚು, ಮೂರು ಬೆಲೆ. ಕೆಸಿಇಟಿ ಮ್ಯಾಲೆ ಸರ್ಕಾರಿ ಕೋಟಾದಾಗ ಬಂದ ಹುಡುಗಗ ಒಂದು ಫೀ, ಕಾಮೆಡ್-ಕೆ ಮ್ಯಾಲೆ ಬಂದವಗ ಅದರ ಎರಡು ಮೂರು ಪಟ್ಟು, ಮ್ಯಾನೇಜ್‌ಮೆಂಟ್ ಸೀಟಿನವಗ ಕಾಲೇಜು ಹೇಳಿದ್ದೇ ಬೆಲೆ. ಪಟ್ಟಿಯಾಗ ಇದನ್ನ ಸರಾಸರಿ ಮಾಡಿದ್ರ ಯಾರೂ ಕಟ್ಟದಂಥ ಒಂದು ಅಂಕಿ ಬರ್ತೈತಿ.

ಸಾಲಿದು ಹಂಗ. ಆರ್‌ಟಿಇ ಶೇ 25 ಸೀಟು ಅಂತ ಎಷ್ಟೋ ಮಂದಿ ಇನ್ನೂ ಕೇಳ್ತಾರ. 2019ರ ಬದಲಾವಣೆ ಆದಮ್ಯಾಲೆ ಕರ್ನಾಟಕದಾಗ, ಹತ್ತರ ಸರ್ಕಾರಿ ಇಲ್ಲಾ ಅನುದಾನಿತ ಸಾಲಿ ಇದ್ರ ಖಾಸಗಿಯೊಳಗ ಆ ಸೀಟಿಲ್ಲ. ಸರ್ಕಾರಿ ಸಾಲಿ ಇಲ್ಲದ ಊರು ಎಲ್ಲೈತಿ? ಹಂಗಾಗಿ ಮೊದಲು ಸರ್ಕಾರ ತುಂಬತಿದ್ದ ಫೀ ಈಗ ಮನಿಯವರ ಕಾಲಮ್ಮಿಗೆ ಬಿತ್ತು. ಇದ ಸಮೀಕ್ಷೆಯಾಗ, "ಓದಿನ ಖರ್ಚು ಮುಖ್ಯವಾಗಿ ಯಾರು ಕೊಡ್ತಾರ" ಅಂದ್ರ ನೂರಕ್ಕ 95 ಮಕ್ಕಳ ಕಡೆಯಿಂದ ಬಂದ ಉತ್ತರ ಮನಿಯವರು. ಸರ್ಕಾರಿ ವಿದ್ಯಾರ್ಥಿವೇತನ ಮೊದಲ ಆಧಾರ ಅಂದವರು 1.2.

ಗಣಿತ_ಮೇಷ್ಟ್ರು:
ಆ 95ರ ಮಾತಿಗೆ ಜೊತೆಯಾಗಿ ಯುನೆಸ್ಕೋದ 2021-22ರ ಜಾಗತಿಕ ವರದಿಯ ಅಂಕಿ: ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಶಿಕ್ಷಣದ ಒಟ್ಟು ಖರ್ಚಿನಲ್ಲಿ ಮನೆಯವರ ಪಾಲು ಶೇ 39, ಶ್ರೀಮಂತ ದೇಶಗಳಲ್ಲಿ ಶೇ 16. ಬಡ ದೇಶದ ಮನೆ ಹೆಚ್ಚು ಹೊರುತ್ತದೆ. ಸೋನಾಮಸೂರಿಯವರ ಮನೆ ಬಾಡಿಗೆ ವಾದ ಸೇರಿಸಿದರೆ ಆ 16 ಸ್ವಲ್ಪ ಏರೀತು, ಆದರೆ 39 ಮುಟ್ಟಲಾರದು.

ಅಮೆರಿಕದ ಬಗ್ಗೆ ಅವರು ಹೇಳಿದ್ದನ್ನು ಒಪ್ಪಿದೆ. ಫೀ ಯಾವ ಸರ್ಕಾರದ್ದೋ ಕೂಲಿಯೂ ಆ ಸರ್ಕಾರದ್ದೇ ಇರಬೇಕು. ನನ್ನ ಮೊದಲ ಲೆಕ್ಕದಲ್ಲೂ ದೇಶದ ಸರಾಸರಿ ಫೀಗೆ ಕರ್ನಾಟಕದ ಕೂಲಿ ಹಾಕಿದ್ದೆ, ಅದೂ ಅದೇ ತಪ್ಪು. 540 ಗಂಟೆಯನ್ನು ಅಂದಾಜು ಅಂತಲೇ ಬರೆದುಕೊಳ್ಳಿ.

ತುಂಗಾತೀರ:
ಬರೆದುಕೊಂಡೆ. ಕೊನೆಯ ಕಾಲಮ್ಮು: ಇಲ್ಲಿಂದ ಹೊರದೇಶಕ್ಕೆ ಕಳಿಸುವವರ ಮೇಲುಖರ್ಚು. ಫೀ ಬಿಟ್ಟು ಏನೇನು ಸೇರಿಸಬೇಕು?

ರೊಕ್ಕದ_ಲೆಕ್ಕ:
ಇಂಗ್ಲೆಂಡಿನ ಒಂದು ವರ್ಷದ ಮಾಸ್ಟರ್ಸ್ ಉದಾಹರಣೆ ತೆಗೆದುಕೊಳ್ಳಿ. ವೀಸಾ ಶುಲ್ಕ 2025ರಲ್ಲಿ 524 ಪೌಂಡ್ ಇತ್ತು. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776, ಆದರೆ ಕೋರ್ಸ್ ಮುಗಿದ ಮೇಲೂ ವೀಸಾ ನಾಲ್ಕು ತಿಂಗಳು ಇರುವುದರಿಂದ ಇನ್ನರ್ಧ ವರ್ಷದ 388 ಸೇರಿ 1,164. ಇದನ್ನು 776 ಅಂತಲೇ ಹಿಡಿದು ಅರ್ಜಿಯ ಕೊನೆಯ ಪುಟದಲ್ಲಿ ಕಾರ್ಡ್ ಮಿತಿ ಸಾಲದೆ ನಿಂತವರು ಬಹಳ.

ಸಾಲದ ಬಡ್ಡಿ ಇನ್ನೊಂದು. ಬ್ಯಾಂಕಿನ ಮಾದರಿ ಯೋಜನೆಯಲ್ಲಿ ಹೊರದೇಶದ ಓದಿಗೆ 4 ಲಕ್ಷ ದಾಟಿದರೆ ಶೇ 15 ನಿಮ್ಮ ಪಾಲು. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷಕ್ಕೆ, ಆದರೆ ಬಡ್ಡಿ ಓಡುವುದು ಹಣ ಬಿಡುಗಡೆಯಾದ ದಿನದಿಂದ. 20 ಲಕ್ಷ, ಶೇ 10, ಎರಡು ವರ್ಷದ ಕೋರ್ಸ್, ಮೊದಲ ದಿನವೇ ಪೂರ್ತಿ ಬಿಡುಗಡೆ ಅಂತ ಹಿಡಿದರೆ ಮೊದಲ ಕಂತಿನ ಹೊತ್ತಿಗೆ ಸರಳ ಬಡ್ಡಿಯೇ 6 ಲಕ್ಷ. ಕಟ್ಟಿದ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ.

ಹಣ ಕಳಿಸುವಾಗ ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ, ನಿಗದಿತ ಸಂಸ್ಥೆಯ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಎಷ್ಟಾದರೂ ಇಲ್ಲ. ಮಿತಿ ಲೆಕ್ಕ ಹಾಕುವುದು ಕಳಿಸುವವರ ಪ್ಯಾನ್ ಮೇಲೆ. ಕಡಿತವಾದದ್ದು ಕಳೆದುಹೋದ ದುಡ್ಡಲ್ಲ, ಅದೇ ಪ್ಯಾನ್‌ನ ರಿಟರ್ನ್‌ನಲ್ಲಿ ಹಿಂದಕ್ಕೆ ಬರುತ್ತದೆ. ನಿಜವಾಗಿ ಕಳೆದುಹೋಗುವುದು ವಿನಿಮಯ ದರದ ಅಂತರ, ನೂರಕ್ಕೆ ಒಂದೆರಡು. ಅದಕ್ಕೆ ಎರಡು ಬ್ಯಾಂಕಿನ ದರವನ್ನು ಒಂದೇ ದಿನ ಒಂದೇ ಹೊತ್ತಿಗೆ ಕೇಳಿ, ಶುಲ್ಕ ಕಡಿಮೆ ಅಂದವರ ದರವೇ ಕೆಟ್ಟದಿರಬಹುದು.

ಸಂಪಿಗೆ_ಮರ:
ಬ್ಯಾಂಕಲ್ಲಿ ತೋರಿಸಬೇಕಾದ ದುಡ್ಡು ಎಷ್ಟು ಸರ್? ಸಾಲ ಮಂಜೂರಾದ ಪತ್ರ ಸಾಕಾ?

ರೊಕ್ಕದ_ಲೆಕ್ಕ:
ಇಂಗ್ಲೆಂಡಿಗೆ 2025ರ ನವೆಂಬರ್ 11ರಿಂದ ತಿಂಗಳ ಖರ್ಚಿಗೆ ಲಂಡನ್‌ನಲ್ಲಿ 1,529 ಪೌಂಡ್, ಹೊರಗೆ 1,171, ಒಂಬತ್ತು ತಿಂಗಳಿಗೆ. ಅಂದರೆ 13,761 ಅಥವಾ 10,539, ಜೊತೆಗೆ ಮೊದಲ ವರ್ಷದ ಬಾಕಿ ಫೀ. ಉಳಿತಾಯ ಖಾತೆಯಲ್ಲಿ ತೋರಿಸುವುದಾದರೆ ಸತತ 28 ದಿನ ಆ ಮೊತ್ತಕ್ಕಿಂತ ಕೆಳಗೆ ಇಳಿಯಬಾರದು, ಕೊನೆಯ ದಿನ ಅರ್ಜಿ ಹಾಕಿದ ದಿನಕ್ಕೆ 31 ದಿನದೊಳಗಿರಬೇಕು. 27 ದಿನ ಸರಿಯಾಗಿದ್ದು ಒಂದು ದಿನ ಎಲ್‌ಐಸಿ ಕಂತು ತಾನಾಗೇ ಕಟ್ ಆಗಿ ಮಿತಿಗಿಂತ ಕೆಳಗೆ ಹೋದರೆ ಎಣಿಕೆ ಮತ್ತೆ ಒಂದರಿಂದ. ಹಾಗಾಗಿ ಆ ಖಾತೆಗೆ ಜೋಡಿಸಿರುವ ಕಂತು, ಕರೆಂಟ್ ಬಿಲ್, ಎಸ್‌ಐಪಿ ಎಲ್ಲ ಆ ತಿಂಗಳಿಗೆ ಬೇರೆ ಖಾತೆಗೆ ಹಾಕಿ. ಪೌಂಡ್ ದರ ಏರಿದರೂ ಕಡಿಮೆ ಬೀಳದಿರಲಿ ಅಂತ ಇನ್ನೊಂದು ಐವತ್ತು ಸಾವಿರ ರೂಪಾಯಿ ಮೇಲೆ ಇರಲಿ. ಸಾಲದ ಪತ್ರವನ್ನೇ ತೋರಿಸುವುದಾದರೆ ಅದು ವಿದ್ಯಾರ್ಥಿಯ ಹೆಸರಲ್ಲಿ ಇರಬೇಕು. ಅಪ್ಪ ತೆಗೆದ ವೈಯಕ್ತಿಕ ಸಾಲದ ಪತ್ರ ನಡೆಯುವುದಿಲ್ಲ.